ಮೀಟರು ನಂಬುವ ಮೊದಲು ಮೋಟಾರು ನಿಲ್ಲಿಸಿರಿ
(ಮೀನು ಸಾಕುವವರಿಗೆ ಒಂದು ಪಾಠ)



ಕೃಷಿ ಹೊಂಡದಲ್ಲಾಗಲಿ, ಸಿಮೆಂಟಿನ ತೊಟ್ಟಿಯಲ್ಲಾಗಲಿ, ಮನೆಯ ಗಾಜಿನ ಪೆಟ್ಟಿಗೆಯಲ್ಲಾಗಲಿ ಮೀನು ಸಾಕುವವರು ಈಗ ನೀರಿನ ಗುಣ ತಿಳಿಯಲು ಪಿಎಚ್ ಮೀಟರನ್ನು ಉಪಯೋಗಿಸುತ್ತಿದ್ದಾರೆ. ಒಳ್ಳೆಯ ಮಾತು. ಆದರೆ ಮೀಟರು ಒಮ್ಮೊಮ್ಮೆ ನೀರಿನ ಸುದ್ದಿಯನ್ನು ಬಿಟ್ಟು ಕರೆಂಟಿನ ಸುದ್ದಿಯನ್ನು ಹೇಳುತ್ತದೆ. ಇದನ್ನು ನಾನು ಕಲಿತದ್ದು ನನ್ನ ತಪ್ಪಿನಿಂದ.

ನಮ್ಮ ತಾಲೂಕಿನ ಒಂದು ಹಳ್ಳಿಯಲ್ಲಿ ರೈತರೊಬ್ಬರ ತೊಟ್ಟಿಯ ಮೀಟರು 5.4 ತೋರಿಸಿತು. 7ಕ್ಕಿಂತ ಕಡಿಮೆಯಾದರೆ ಹುಳಿ, ಹೆಚ್ಚಾದರೆ ಕ್ಷಾರ, ಮೀನಿಗೆ 6.5ರಿಂದ 8.5ರವರೆಗೆ ಹಿತ. ನೀರು ಹುಳಿಯಾಯಿತೆಂದು ನಾನು ಸುಣ್ಣ ಹಾಕಿಸಿದೆ. ಸಂಜೆಯೊಳಗೆ ಮರಿಗಳು ಸತ್ತು ತೇಲಿದವು. “ಸಾಹೇಬರ, ನಿನ್ನೆಯ ಬೋರಿನ ನೀರೇ ಅಲ್ಲವೇ ಇದು? ಒಂದು ರಾತ್ರಿಗೆ ಹೇಗೆ ಹುಳಿಯಾದೀತು?” ಎಂದು ಆ ಹಿರಿಯರು ಕೇಳಿದರು. ಹೊಸ ನೀರು ತುಂಬಿಸಿ, ಮೋಟಾರು ನಿಲ್ಲಿಸಿ ನೋಡಿದೆವು: 8.1. ಮೋಟಾರು ಹಾಕಿದರೆ ಪುನಃ 5.4. ನಮ್ಮ ಎರೆ ಸೀಮೆಯ ಬೋರಿನ ನೀರು ಸಾಮಾನ್ಯವಾಗಿ ಕ್ಷಾರದ ಕಡೆಗೇ ಇರುವುದೆಂಬುದು ನನಗೆ ಮೊದಲೇ ನೆನಪಾಗಬೇಕಾಗಿತ್ತು.

ಕಾರಣವೇನು? ಪಿಎಚ್ ಕಡ್ಡಿಯು ಒಂದು ಅಂಕದ ವ್ಯತ್ಯಾಸಕ್ಕೆ ಸುಮಾರು 59 ಮಿಲಿವೋಲ್ಟಿನಷ್ಟು ಮಾತ್ರ ವಿದ್ಯುತ್ತನ್ನು ಕೊಡುತ್ತದೆ. ಅದರ ಪಕ್ಕದಲ್ಲಿ 230 ಅಥವಾ 415 ವೋಲ್ಟಿನ ಮೋಟಾರು. ಜಾತ್ರೆಯ ಡೊಳ್ಳಿನ ಮುಂದೆ ಪಿಸುಮಾತು ಕೇಳಿಸೀತೇ? ಮೋಟಾರಿನಿಂದ ನೀರಿಗೆ ಅಲ್ಪ ಕರೆಂಟು ಸೋರಿದರೂ ಅಂಕ ಕೆಡುತ್ತದೆ.

ಮೊದಲ ಎಚ್ಚರಿಕೆ: ಅಂಕ ಕುಣಿಯುತ್ತಿದ್ದರೆ ನೀರಿಗೆ ಕೈ ಹಾಕಬೇಡಿರಿ. ಮೇನ್ ಸ್ವಿಚ್ಚು ತೆಗೆಯಿರಿ. ಆ ತೊಟ್ಟಿಯಲ್ಲಿ ಪಂಪಿನ ವಾಯರಿನ ಮೇಲುಹೊದಿಕೆ ಸವೆದಿತ್ತು. ಆ ದಿನ ಸತ್ತದ್ದು ಮೀನು, ಮಗುವೂ ಆಗಬಹುದಾಗಿತ್ತು.

ಪರೀಕ್ಷಿಸುವ ಕ್ರಮ:

1. ಮೇನ್ ತೆಗೆದ ಮೇಲೆ ಪ್ಲಾಸ್ಟಿಕ್ ಬಕೀಟಿನಲ್ಲಿ ಅದೇ ನೀರನ್ನು ತುಂಬಿ ದೂರ ಒಯ್ಯಿರಿ. ಬ್ಯಾಟರಿಯ ಮೇಲೆ ನಡೆಯುವ ಮೀಟರಿನಿಂದ ಅಳೆಯಿರಿ. ಬಣ್ಣದ ಕಾಗದದಿಂದಲೂ ತಾಳೆ ನೋಡಿರಿ.

2. ಮೀಟರಿನ ಕಡ್ಡಿ ತೊಟ್ಟಿಯಲ್ಲಿರಲಿ, ಎಲ್ಲರೂ ದೂರ ನಿಲ್ಲಲಿ. ಪಂಪು, ಗಾಳಿಯ ಯಂತ್ರ, ದೀಪ ಇವನ್ನು ಒಂದೊಂದಾಗಿ ಹಾಕಿ, ಪ್ರತಿ ಸಲದ ಅಂಕವನ್ನು ಬರೆದುಕೊಳ್ಳಿರಿ. ಯಾವುದನ್ನು ಹಾಕಿದೊಡನೆ ಅಂಕ ಜಿಗಿಯುವುದೋ ಅದೇ ಕಳ್ಳ.

3. ಬೆಳಿಗ್ಗೆ ಕಡಿಮೆಯಿದ್ದು ಮಧ್ಯಾಹ್ನ ಮೆಲ್ಲನೆ ಏರಿದರೆ ಅದು ಪಾಚಿಯ ಕೆಲಸ, ಸಹಜ. ದಿನದಿನಕ್ಕೆ ಒಂದೇ ಕಡೆಗೆ ಸರಿಯುತ್ತಿದ್ದರೆ ಕಡ್ಡಿ ಹೊಲಸಾಗಿದೆ ಅಥವಾ ಹಳತಾಗಿದೆ. ತೊಳೆದು, ಅಳತೆಯ ದ್ರಾವಣದಲ್ಲಿ ಸರಿಪಡಿಸಿರಿ.

ಪರಿಹಾರ:

ಸೋರುವ ಪಂಪನ್ನು ಬಲ್ಲ ಮಿಸ್ತ್ರಿಯಿಂದಲೇ ರಿಪೇರಿ ಮಾಡಿಸಿರಿ. ಅರ್ಥಿಂಗ್ ಸರಿಯಿರಲಿ. 30 ಮಿಲಿಆಂಪಿಯರಿನ ಸೋರಿಕೆಗೆ ತಾನೇ ಬೀಳುವ ಸ್ವಿಚ್ಚನ್ನು ಕೂಡಿಸಿರಿ. ಮೀಟರಿನ ವಾಯರನ್ನು ಮೋಟಾರಿನ ವಾಯರಿನ ಜೊತೆಗೆ ಕಟ್ಟಬೇಡಿರಿ. ಒಂದು ಮೊಳವಾದರೂ ದೂರವಿರಲಿ, ದಾಟಲೇಬೇಕಾದರೆ ಅಡ್ಡಲಾಗಿ ದಾಟಲಿ. ಜಾಳಿಗೆ ಹೊದಿಕೆಯ ವಾಯರಾದರೆ ಆ ಹೊದಿಕೆಯನ್ನು ಮೀಟರಿನ ಕಡೆಯ ತುದಿಯಲ್ಲಿ ಮಾತ್ರ ಜೋಡಿಸಿರಿ. ಸೋರಿಕೆ ನಿಲ್ಲಿಸದೆ ಅಂಕವನ್ನು ಮಾತ್ರ ಸರಿಪಡಿಸಿಕೊಂಡರೆ ಅಪಾಯವು ಅಲ್ಲಿಯೇ ಉಳಿಯುತ್ತದೆ.

ಆ ಹಿರಿಯರು ಈಗ ತೊಟ್ಟಿಯ ಗೋಡೆಯ ಮೇಲೆ ಇದ್ದಲಿಯಿಂದ ಎರಡು ಅಂಕ ಬರೆಯುತ್ತಾರೆ: ಮೋಟಾರು ನಡೆದಾಗ ಒಂದು, ನಿಂತಾಗ ಒಂದು. ಎರಡೂ ಕೂಡದಿದ್ದರೆ ಸುಣ್ಣದ ಚೀಲ ಬಿಚ್ಚುವುದಿಲ್ಲ. ನೀವೂ ಹಾಗೆಯೇ ಮಾಡಿರಿ.