ಸಂಭವನೀಯತೆ: ಎಣಿಕೆಯೂ ನ್ಯಾಯವೂ

"ಸಂಜೆ ಮಳೆ ಬಂದರೂ ಬರಬಹುದು", "ರೈಲು ಇಂದು ತಡವಾಗುವುದೇ ಹೆಚ್ಚು" – ಇಂತಹ ಮಾತುಗಳನ್ನು ನಾವು ದಿನನಿತ್ಯವೂ ಆಡುತ್ತೇವೆ. ಮುಂದೆ ಆಗುವುದು ಇಂತಹುದೇ ಎಂದು ಖಚಿತವಾಗಿ ಹೇಳಲಾಗದಿದ್ದರೂ ಒಂದು ಘಟನೆಗಿಂತ ಮತ್ತೊಂದು ಹೆಚ್ಚು ಸಂಭವನೀಯವೆಂಬ ಅರಿವು ನಮಗುಂಟು. ಈ 'ಹೆಚ್ಚು', 'ಕಡಮೆ'ಗಳನ್ನು ಸಂಖ್ಯೆಯಲ್ಲಿ ಅಳೆದು ಹೇಳುವ ಶಾಸ್ತ್ರವೇ ಸಂಭವನೀಯತೆಯ ಗಣಿತ. ಇದರ ಮೊದಲ ಪಾಠದಲ್ಲಿ ಕಲಿಯಬೇಕಾದ ನಿಯಮಗಳು ಎರಡು: ಒಂದು ಎಣಿಕೆಯದು, ಇನ್ನೊಂದು ಗುಣಾಕಾರದ್ದು. ಎರಡೂ ಬಹು ಸುಲಭ. ಆದರೆ ಎರಡಕ್ಕೂ ಒಂದೊಂದು ನಿಬಂಧನೆಯುಂಟು. ಅದನ್ನು ಮರೆತರೆ ವಿದ್ವಾಂಸರೂ ಎಡವುತ್ತಾರೆ. ನಿರಪರಾಧಿಗಳು ಸೆರೆಮನೆ ಸೇರುವುದೂ ಉಂಟು.

ಎಣಿಕೆಯ ನಿಯಮ

ಆರು ಮುಖಗಳ ಒಂದು ದಾಳವನ್ನು ಉರುಳಿಸುತ್ತೇವೆಂದು ಭಾವಿಸೋಣ. ದಾಳ ದೋಷರಹಿತವಾಗಿದ್ದರೆ ಆರು ಮುಖಗಳಲ್ಲಿ ಯಾವುದೊಂದಕ್ಕೂ ಹೆಚ್ಚಿನ ಒಲವಿಲ್ಲ. ಇವು ಆರು ಸಮಸಂಭವನೀಯ ಫಲಿತಗಳು. ಸಮಸಂಖ್ಯೆ ಬೀಳಬೇಕೆಂದರೆ 2, 4, 6 – ಈ ಮೂರು ನಮಗೆ ಅನುಕೂಲ. ಆದುದರಿಂದ ಸಮಸಂಖ್ಯೆಯ ಸಂಭವನೀಯತೆ 3/6, ಅಂದರೆ 1/2. ಅನುಕೂಲವಾದ ಫಲಿತಗಳ ಸಂಖ್ಯೆಯನ್ನು ಒಟ್ಟು ಫಲಿತಗಳ ಸಂಖ್ಯೆಯಿಂದ ಭಾಗಿಸಿದರೆ ದೊರೆಯುವುದೇ ಸಂಭವನೀಯತೆ. ಎಂದಿಗೂ ಆಗದ ಘಟನೆಗೆ ಅದು 0. ಆಗಿಯೇ ತೀರುವ ಘಟನೆಗೆ 1. ಉಳಿದೆಲ್ಲವೂ ಇವೆರಡರ ನಡುವೆ.

ಸಂಭವನೀಯತೆ 1/2 ಎಂದ ಮಾತ್ರಕ್ಕೆ ಎರಡು ಸಲ ಉರುಳಿಸಿದರೆ ಒಂದು ಸಲ ಸಮಸಂಖ್ಯೆ ಬಿದ್ದೇ ಬೀಳುವುದೆಂದು ಅರ್ಥವಲ್ಲ. ಸಾವಿರಾರು ಸಲ ಉರುಳಿಸಿದಂತೆಲ್ಲ ಸಮಸಂಖ್ಯೆ ಬಿದ್ದ ಪ್ರಮಾಣವು ಅರ್ಧವನ್ನು ಸಮೀಪಿಸುವುದೆಂದು ಮಾತ್ರ ಅರ್ಥ. ಇದನ್ನು ಗಣಿತರೀತ್ಯಾ ಸಾಧಿಸಿದವನು ಯಾಕೋಬ್ ಬರ್ನೂಲಿ. ಆತನ ಗ್ರಂಥವು ಆತನ ಮರಣಾನಂತರ, 1713ರಲ್ಲಿ ಪ್ರಕಟವಾಯಿತು.

ನಿಯಮದಲ್ಲಿ 'ಸಮಸಂಭವನೀಯ' ಎಂಬ ಮಾತೇ ಜೀವಾಳ. ಅದರ ಮಹತ್ವವನ್ನು ಅರಿಯಲು ಈ ಶಾಸ್ತ್ರದ ಹುಟ್ಟಿಗೆ ಕಾರಣವಾದ ಒಂದು ಸಮಸ್ಯೆಯನ್ನೇ ನೋಡೋಣ.

ನಿಂತುಹೋದ ಆಟ

1654ರಲ್ಲಿ ಬ್ಲೇಸ್ ಪಾಸ್ಕಲ್ ಮತ್ತು ಪಿಯೆರ್ ದ ಫರ್ಮಾ ಎಂಬ ಇಬ್ಬರು ಫ್ರೆಂಚ್ ಗಣಿತಜ್ಞರು ಪತ್ರಮುಖೇನ ಚರ್ಚಿಸಿದ ಸಮಸ್ಯೆ ಇದು. ಕ ಮತ್ತು ಚ ಎಂಬ ಇಬ್ಬರು ತಲಾ 32 ಚಿನ್ನದ ನಾಣ್ಯಗಳನ್ನು ಪಣವಾಗಿ ಒಡ್ಡಿದ್ದಾರೆ. ಮೊದಲು ಮೂರು ಆಟ ಗೆದ್ದವನಿಗೆ 64 ನಾಣ್ಯಗಳೂ ಸಲ್ಲಬೇಕು. ಪ್ರತಿ ಆಟದಲ್ಲಿಯೂ ಇಬ್ಬರಿಗೂ ಸಮಾನ ಅವಕಾಶ. ಕ ಎರಡು ಆಟ, ಚ ಒಂದು ಆಟ ಗೆದ್ದಿರುವಾಗ ಆಟ ಅರ್ಧಕ್ಕೇ ನಿಂತುಹೋಯಿತು. ಹಣವನ್ನು ನ್ಯಾಯವಾಗಿ ಹಂಚುವುದು ಹೇಗೆ?

ಗೆದ್ದ ಆಟಗಳಿಗೆ ಅನುಗುಣವಾಗಿ 2:1 ಎಂದು ಹಂಚಬಹುದೆಂದು ಯಾರಿಗಾದರೂ ತೋರೀತು. ಆದರೆ ಪಾಲು ನಿರ್ಧಾರವಾಗಬೇಕಾದುದು ಕಳೆದ ಆಟಗಳಿಂದಲ್ಲ, ಮುಂದೆ ಗೆಲ್ಲುವ ಅವಕಾಶದಿಂದ. ಫರ್ಮಾನ ವಿಧಾನದಂತೆ ಇನ್ನೆರಡು ಆಟಗಳು ನಡೆದವೆಂದು ಕಲ್ಪಿಸಿದರೆ ಫಲಿತಗಳು ನಾಲ್ಕು: ಎರಡನ್ನೂ ಕ ಗೆಲ್ಲಬಹುದು, ಮೊದಲು ಕ, ಆಮೇಲೆ ಚ, ಮೊದಲು ಚ, ಆಮೇಲೆ ಕ, ಅಥವಾ ಎರಡನ್ನೂ ಚ ಗೆಲ್ಲಬಹುದು. ಮೊದಲ ಮೂರರಲ್ಲಿ ಪಣ ಕನದು, ಕಡೆಯದರಲ್ಲಿ ಮಾತ್ರ ಚನದು. ಕನ ಸಂಭವನೀಯತೆ 3/4. ಆದುದರಿಂದ ಅವನಿಗೆ 48, ಚನಿಗೆ 16 ನಾಣ್ಯಗಳು. ಪಾಸ್ಕಲ್ ಬೇರೊಂದು ಮಾರ್ಗದಿಂದ ಇದೇ ಉತ್ತರವನ್ನು ಪಡೆದನು.

ಇಲ್ಲೊಂದು ಆಕ್ಷೇಪ ಏಳುತ್ತದೆ. ಮುಂದಿನ ಆಟವನ್ನು ಕ ಗೆದ್ದರೆ ಪಂದ್ಯ ಅಲ್ಲಿಗೇ ಮುಗಿಯುವುದಲ್ಲವೇ? ನಡೆಯದ ಆಟವನ್ನು ಎಣಿಸುವುದೇಕೆ? ಹಾಗಾದರೆ ಫಲಿತಗಳು ಮೂರೇ, ಕನ ಪಾಲು 2/3 ಅಲ್ಲವೇ? ಪ್ರಸಿದ್ಧ ಗಣಿತಜ್ಞ ದಾಲಂಬೇರ್ 1754ರಲ್ಲಿ, ಅಂದರೆ ಸರಿಯಾಗಿ ನೂರು ವರ್ಷಗಳ ಬಳಿಕ, ಇದೇ ಬಲೆಗೆ ಬಿದ್ದನು. ನಾಣ್ಯವನ್ನು ಎರಡು ಸಲ ಚಿಮ್ಮಿದಾಗ ಒಮ್ಮೆಯಾದರೂ ಶಿರ ಬೀಳುವ ಸಂಭವನೀಯತೆ 2/3 ಎಂದು ಅವನು ಬರೆದನು. ಮೊದಲ ಸಲವೇ ಶಿರ, ಎರಡನೆಯ ಸಲ ಶಿರ, ಎರಡು ಸಲವೂ ಪುಚ್ಛ – ಹೀಗೆ ಮೂರೇ ಬಗೆ ಎಂಬುದು ಅವನ ವಾದ. ಬಗೆಗಳೇನೋ ಮೂರೇ, ಆದರೆ ಅವು ಸಮಸಂಭವನೀಯವಲ್ಲ. ಮೊದಲನೆಯದರ ಸಂಭವನೀಯತೆ 1/2, ಉಳಿದ ಎರಡರದು ತಲಾ 1/4. ಸರಿಯಾದ ಉತ್ತರ 3/4. ತೂಕ ನೋಡದೆ ತಲೆ ಎಣಿಸಿದ್ದೇ ದೋಷ.

ಗುಣಾಕಾರದ ನಿಯಮ

ಎರಡು ಘಟನೆಗಳು ಒಟ್ಟಿಗೆ ಸಂಭವಿಸುವ ಸಂಭವನೀಯತೆಯನ್ನು ಕಂಡುಹಿಡಿಯಲು ಗುಣಿಸಬೇಕು. ಎರಡು ದಾಳಗಳಲ್ಲಿಯೂ 6 ಬೀಳುವ ಸಂಭವನೀಯತೆ 1/6 × 1/6 = 1/36. ಒಂದು ದಾಳದ ಫಲಿತವು ಇನ್ನೊಂದರ ಮೇಲೆ ಪ್ರಭಾವ ಬೀರದು. ಇಂತಹವು ಸ್ವತಂತ್ರ ಘಟನೆಗಳು.

ಈಗ ಒಂದು ಚೀಲದಲ್ಲಿ 3 ಕೆಂಪು, 2 ಬಿಳಿ ಚೆಂಡುಗಳಿವೆಯೆನ್ನೋಣ. ನೋಡದೆ ಒಂದನ್ನು ತೆಗೆದು, ಮತ್ತೆ ಚೀಲಕ್ಕೆ ಹಾಕಿ, ಇನ್ನೊಂದನ್ನು ತೆಗೆದರೆ ಎರಡೂ ಕೆಂಪಾಗುವ ಸಂಭವನೀಯತೆ 3/5 × 3/5 = 9/25. ಮೊದಲನೆಯದನ್ನು ಹಿಂದಕ್ಕೆ ಹಾಕದಿದ್ದರೆ? ಒಂದು ಕೆಂಪು ಹೊರಬಂದ ಮೇಲೆ ಉಳಿಯುವುದು ನಾಲ್ಕರಲ್ಲಿ ಎರಡು ಕೆಂಪು. ಆಗ ಉತ್ತರ 3/5 × 2/4 = 3/10. ಮೊದಲ ಘಟನೆಯು ಎರಡನೆಯದರ ಸಂಭವನೀಯತೆಯನ್ನೇ ಬದಲಿಸಿತು. ಅಂದ ಮೇಲೆ, ಒಂದೇ ಸಂಖ್ಯೆಯನ್ನು ಅದರಿಂದಲೇ ಗುಣಿಸುವ ಮುನ್ನ ಘಟನೆಗಳು ಸ್ವತಂತ್ರವೇ ಎಂದು ಕೇಳಲೇಬೇಕು.

ನ್ಯಾಯಾಲಯದಲ್ಲಿ ಒಂದು ಗುಣಾಕಾರ

ಇಂಗ್ಲೆಂಡಿನ ಒಂದು ಕುಟುಂಬದಲ್ಲಿ 1996ರಲ್ಲಿ ಒಂದು, 1998ರಲ್ಲಿ ಇನ್ನೊಂದು ಹಸುಗೂಸು ಇದ್ದಕ್ಕಿದ್ದಂತೆ ತೀರಿಕೊಂಡವು. ಕೊಲೆಯ ಆರೋಪ ತಾಯಿಯ ಮೇಲೆ ಬಂದಿತು. 1999ರ ವಿಚಾರಣೆಯಲ್ಲಿ ತಜ್ಞಸಾಕ್ಷಿಯಾಗಿ ಬಂದ ವೈದ್ಯರೊಬ್ಬರು, ಇಂತಹ ಕುಟುಂಬದಲ್ಲಿ ಶಿಶುವೊಂದು ಕಾರಣ ತಿಳಿಯದೆ ಹಠಾತ್ತನೆ ಸಾಯುವ ಸಂಭವನೀಯತೆ 8,543ರಲ್ಲಿ ಒಂದೆಂದೂ, ಎರಡು ಶಿಶುಗಳು ಹಾಗೆ ಸಾಯುವುದು ಸುಮಾರು 7 ಕೋಟಿ 30 ಲಕ್ಷದಲ್ಲಿ ಒಂದೆಂದೂ ನುಡಿದರು. 8,543ನ್ನು ಅದರಿಂದಲೇ ಗುಣಿಸಿದರೆ ದೊರೆಯುವ ಸಂಖ್ಯೆ ಇದು. ತಾಯಿಗೆ ಜೀವಾವಧಿ ಶಿಕ್ಷೆಯಾಯಿತು.

ಗುಣಾಕಾರದಲ್ಲಿ ತಪ್ಪಿಲ್ಲ, ಗುಣಿಸಿದ್ದೇ ತಪ್ಪು. ಒಡಹುಟ್ಟಿದ ಶಿಶುಗಳಿಗೆ ತಂದೆತಾಯಿಗಳೂ ಮನೆಯೂ ಒಂದೇ. ಮೊದಲ ಶಿಶುವಿಗೆ ಅಪಾಯ ತಂದ ಗುಪ್ತಕಾರಣವೊಂದು ಎರಡನೆಯದಕ್ಕೂ ಇರಬಹುದು. ಚೀಲದ ಚೆಂಡುಗಳಂತೆ, ಇಲ್ಲಿಯೂ ಮೊದಲ ಘಟನೆಯು ಎರಡನೆಯದರ ಸಂಭವನೀಯತೆಯನ್ನು ಬದಲಿಸಬಲ್ಲದು.

ಎರಡನೆಯ ದೋಷ ಇನ್ನೂ ಸೂಕ್ಷ್ಮ. ಆ ಸಂಖ್ಯೆ ಸರಿಯೆಂದೇ ಒಪ್ಪಿದರೂ ಅದು ತಾಯಿ ನಿರಪರಾಧಿಯಾಗಿರುವ ಸಂಭವನೀಯತೆಯಲ್ಲ. ಒಂದು ಕೋಟಿ ಚೀಟಿಗಳ ಲಾಟರಿಯಲ್ಲಿ ಒಬ್ಬನಿಗೆ ಮೊದಲ ಬಹುಮಾನ ಬಂದರೆ, ಅವನು ಮೋಸವಿಲ್ಲದೆ ಗೆಲ್ಲುವ ಸಂಭವ ಕೋಟಿಗೆ ಒಂದೇ ಆದುದರಿಂದ ಮೋಸವೇ ನಡೆದಿದೆಯೆಂದು ನಾವು ತೀರ್ಮಾನಿಸುವುದಿಲ್ಲವಷ್ಟೆ! ಹೆತ್ತ ತಾಯಿ ತನ್ನ ಎರಡು ಶಿಶುಗಳನ್ನು ಕೊಲ್ಲುವುದೂ ಅತಿ ವಿರಳ. ಸಾವುಗಳು ಸಂಭವಿಸಿಯಾದ ಮೇಲೆ ಕೇಳಬೇಕಾದುದು ಈ ಎರಡು ವಿರಳ ಕಾರಣಗಳಲ್ಲಿ ಯಾವುದು ಹೆಚ್ಚು ಸಂಭವನೀಯ ಎಂಬ ಪ್ರಶ್ನೆ. ಒಂದನ್ನು ಮಾತ್ರ ಅಳೆದು ಇನ್ನೊಂದನ್ನು ಬಿಟ್ಟರೆ ಅದು ಒಂದೇ ತಟ್ಟೆಯ ತಕ್ಕಡಿಯಾದೀತು.

2001ರಲ್ಲಿ ಇಂಗ್ಲೆಂಡಿನ ರಾಯಲ್ ಸ್ಟ್ಯಾಟಿಸ್ಟಿಕಲ್ ಸೊಸೈಟಿಯು ಆ ಸಂಖ್ಯೆಗೆ ಆಧಾರವಿಲ್ಲವೆಂದು ಬಹಿರಂಗವಾಗಿ ಪ್ರತಿಭಟಿಸಿತು. 2003ರ ಜನವರಿಯಲ್ಲಿ ಶಿಕ್ಷೆ ರದ್ದಾಯಿತು. ಒಂದು ಶಿಶುವಿನ ವೈದ್ಯಕೀಯ ಪರೀಕ್ಷೆಯ ಫಲಿತಾಂಶವನ್ನು ಪ್ರತಿವಾದಿಗಳಿಗೆ ತಿಳಿಸದಿದ್ದುದು ಅದಕ್ಕೆ ಮುಖ್ಯ ಕಾರಣವಾದರೂ, ಅಂಕಿಗಳ ದುರ್ಬಳಕೆಯನ್ನೂ ಮೇಲ್ಮನವಿ ನ್ಯಾಯಾಲಯ ಟೀಕಿಸಿತು. ಅಷ್ಟರಲ್ಲಿ ಆ ತಾಯಿ ಮೂರು ವರ್ಷಗಳಿಗೂ ಹೆಚ್ಚು ಕಾಲ ಸೆರೆಯಲ್ಲಿ ಕಳೆದಿದ್ದಳು.

ಅಭ್ಯಾಸಕ್ಕೆ

ಪಣವನ್ನು ನ್ಯಾಯವಾಗಿ ಹಂಚುವ ಪ್ರಶ್ನೆಯಿಂದ ಬೆಳೆದ ಶಾಸ್ತ್ರವು ಅಜಾಗರೂಕತೆಯಿಂದ ಅನ್ಯಾಯಕ್ಕೂ ಸಾಧನವಾದೀತೆಂಬುದನ್ನು ಕಂಡೆವು. ಎಣಿಸುವಾಗ ಫಲಿತಗಳು ಸಮಸಂಭವನೀಯವೇ, ಗುಣಿಸುವಾಗ ಘಟನೆಗಳು ಸ್ವತಂತ್ರವೇ ಎಂದು ಪರೀಕ್ಷಿಸುವ ಅಭ್ಯಾಸವನ್ನು ವಿದ್ಯಾರ್ಥಿಗಳು ಮೊದಲಿನಿಂದಲೇ ಬೆಳೆಸಿಕೊಳ್ಳಬೇಕು.

ಈ ಅಭ್ಯಾಸಕ್ಕೆ ಗೆಲಿಲಿಯೋ ಬಿಡಿಸಿದ ಸಮಸ್ಯೆಯೊಂದನ್ನು ವಾಚಕರ ಮುಂದಿಡುತ್ತೇವೆ. ಮೂರು ದಾಳಗಳನ್ನು ಉರುಳಿಸಿದಾಗ ಮೊತ್ತ 9 ಬರಲು 6-2-1, 5-3-1 ಮುಂತಾದ ಆರು ಜೋಡಣೆಗಳಿವೆ. 10 ಬರಲು ಸಹ ಆರೇ. ಆದರೂ 10 ಬೀಳುವುದೇ ಹೆಚ್ಚು. ಒಟ್ಟು 216 ಫಲಿತಗಳಲ್ಲಿ 9ಕ್ಕೆ 25, 10ಕ್ಕೆ 27 ದೊರೆಯುವುದನ್ನು ಎಣಿಸಿ ನೋಡಿರಿ. 3-3-3 ಎಂಬ ಜೋಡಣೆಯು ಎಷ್ಟು ಬಗೆಯಲ್ಲಿ ಬರಬಲ್ಲುದೆಂದು ಯೋಚಿಸಿದರೆ ಗುಟ್ಟು ತಾನಾಗಿ ಬಯಲಾಗುವುದು.