ಸಿಲಿಂಡರಿಗೆ ಗಾಳಿ ಸಾಕು, ನೀರು ಬೇಡ

ಕರಾವಳಿಯಲ್ಲಿ ಹತ್ತು ಮೀಟರ್ ಏರ್ ರೈಫಲ್ ಕಲಿಯುವ ಹಲವು ಮಕ್ಕಳಿಗೆ ಸ್ಕೂಬಾ ಸಿಲಿಂಡರ್ ಸಿಗುವುದಿಲ್ಲ, ಕಂಪ್ರೆಸರ್ ಕೊಳ್ಳುವ ಶಕ್ತಿಯೂ ಇರುವುದಿಲ್ಲ. ರೈಫಲ್ಲಿನ ಗಾಳಿ ಸಿಲಿಂಡರ್ ತುಂಬಲು ಅವರಿಗೆ ಕೈಪಂಪೇ ಗತಿ. ಅದರಲ್ಲೂ ಒಳ್ಳೆಯ ಗಾಳಿ ತುಂಬಬಹುದು. ಪಂಪಿನೊಳಕ್ಕೆ ನೀರಾವಿ ಬರುವುದನ್ನು ಪೂರ್ತಿ ತಡೆಯಲಾಗದು. ಅದು ಸಿಲಿಂಡರಿಗೆ ದಾಟುವ ಮೊದಲು ಹೊರಹಾಕುವುದು ಮಾತ್ರ ನಮ್ಮ ಕೈಯಲ್ಲಿದೆ. ಮಳೆಗಾಲಗಳು ನನಗೆ ಕಲಿಸಿದ ಪಾಠಗಳು ಇವು.

1. ನೀರಿನ ಲೆಕ್ಕ ಒಮ್ಮೆ ಹಾಕಿ ನೋಡಿ.
200 ಮಿಲಿಲೀಟರಿನ ಸಿಲಿಂಡರನ್ನು 200 ಬಾರ್‌ಗೆ ತುಂಬಲು ಹೊರಗಿನ ಸುಮಾರು 40 ಲೀಟರ್ ಗಾಳಿ ಬೇಕು. 28 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಶೇ 90 ಆರ್ದ್ರತೆಯ ದಿನ ಅಷ್ಟು ಗಾಳಿಯಲ್ಲಿ ಹೆಚ್ಚುಕಮ್ಮಿ ಒಂದು ಗ್ರಾಂ ನೀರಿರುತ್ತದೆ. ಆ ಗಾಳಿಯನ್ನು ಒತ್ತಿ ತಣಿಸಿದಾಗ ಆವಿಯಾಗಿ ಉಳಿಯುವುದು ಕೆಲವೇ ಮಿಲಿಗ್ರಾಂ. ಮಿಕ್ಕಿದ್ದೆಲ್ಲ, ಅಂದರೆ ಸುಮಾರು ಇಪ್ಪತ್ತು ಹನಿ, ಎಲ್ಲಾದರೂ ಇಳಿಯಲೇಬೇಕು. ಅದು ಪಂಪಿನ ಬುಡದಲ್ಲಿ ಇಳಿಯುವಂತೆ ಮಾಡುವುದೇ ನಮ್ಮ ಕೆಲಸ.

2. ಪಂಪ್ ಬಿಸಿಯಾದರೆ ಕೈ ನಿಲ್ಲಿಸಿ.
ಗಾಳಿ ಒತ್ತಿದಷ್ಟೂ ಬಿಸಿಯಾಗುತ್ತದೆ. ಬಿಸಿ ಗಾಳಿ ಹೆಚ್ಚು ಆವಿಯನ್ನು ಹೊತ್ತುಕೊಳ್ಳುತ್ತದೆ. ಹಾಗಾಗಿ ಅವಸರದಲ್ಲಿ ಪಂಪ್ ಹೊಡೆದರೆ ನೀರು ಆವಿಯಾಗಿಯೇ ಫಿಲ್ಟರ್ ದಾಟಿ, ತಣ್ಣಗಿರುವ ಸಿಲಿಂಡರಿನೊಳಗೆ ಹನಿಯಾಗುತ್ತದೆ. ನಿಧಾನವಾಗಿ ಹೊಡೆಯಿರಿ. ಹಿಡಿಕೆ ಕೆಳಗೆ ಮುಟ್ಟಿದಾಗ ಒಂದೆರಡು ಕ್ಷಣ ತಡೆಯಿರಿ. ಐವತ್ತು ಸಲ ಹೊಡೆದ ಮೇಲೆ ಪಂಪಿನ ಬುಡ ಮುಟ್ಟಿ ನೋಡಿ. ಅದು ಕೋಣೆಯಷ್ಟೇ ತಣ್ಣಗಾಗುವವರೆಗೆ ಕಾಯಿರಿ. ಪಕ್ಕದಲ್ಲೊಂದು ಟೇಬಲ್ ಫ್ಯಾನ್ ಇಟ್ಟರೆ ಕಾಯುವ ಹೊತ್ತು ಕಡಿಮೆಯಾಗುತ್ತದೆ.

3. ಪಂಪಿನ ಗಾಳಿ ಹೊರಬಿಡುವ ಬ್ಲೀಡ್ ಸ್ಕ್ರೂ ಇರುವುದು ಕೊನೆಗೊಮ್ಮೆ ತಿರುಗಿಸಲು ಮಾತ್ರವಲ್ಲ.
ಐವತ್ತು ಹೊಡೆತಗಳ ಪ್ರತಿ ಸುತ್ತಿನ ನಂತರ, ಪಂಪ್ ತಣಿದ ಮೇಲೆ, ಅದನ್ನು ಥಟ್ಟನೆ ಸಡಿಲಿಸಿ. ಮೆಲ್ಲಗೆ ಬಿಟ್ಟರೆ ಗಾಳಿ ಮಾತ್ರ ಹೋಗಿ ನೀರು ಬುಡದಲ್ಲೇ ನಿಲ್ಲುತ್ತದೆ. ಗಾಳಿ ಬರುವ ಕಡೆ ಒಂದಡಿ ದೂರದಲ್ಲಿ ಬಿಳಿ ಟಿಶ್ಯೂ ಇಟ್ಟು ನೋಡಿ: ಬುಸ್ಸೆಂದು ಮಂಜು ಚಿಮ್ಮುತ್ತದೆ, ಟಿಶ್ಯೂ ನಡುವೆ ನಾಣ್ಯದಗಲ ಒದ್ದೆಯಾಗುತ್ತದೆ, ಕೆಲವೊಮ್ಮೆ ಸೀಲಿನ ಗ್ರೀಸ್ ಸೇರಿ ಆ ಕಲೆ ಬೂದು ಬಣ್ಣಕ್ಕಿರುತ್ತದೆ. ಆ ನೀರಷ್ಟೂ ಸಿಲಿಂಡರಿಗೆ ಹೋಗುವುದು ತಪ್ಪಿತು. ಸಿಲಿಂಡರಿನ ಒಮ್ಮುಖ ವಾಲ್ವ್ ಸರಿಯಿದ್ದರೆ ತುಂಬಿದ ಗಾಳಿ ಹಿಂದೆ ಬರುವುದಿಲ್ಲ. ಮತ್ತೆ ಹೋಸ್ ತುಂಬಲು ಕೆಲವು ಸಲ ಹೆಚ್ಚು ಹೊಡೆಯಬೇಕಾಗುತ್ತದೆ, ಅಷ್ಟೆ. ಚಿಮ್ಮುವ ಗಾಳಿಗೆ ಬೆರಳಾಗಲಿ ಮುಖವಾಗಲಿ ಒಡ್ಡಬೇಡಿ.

4. ಹೊತ್ತಿಗಿಂತ ಜಾಗ ಮುಖ್ಯ.
ಮಧ್ಯಾಹ್ನ ಆರ್ದ್ರತೆಯ ಶೇಕಡಾ ಅಂಕಿ ಇಳಿಯುತ್ತದೆಂದು ಆಗ ತುಂಬುವವರಿದ್ದಾರೆ. ಬಿಸಿಲೇರಿದಾಗ ಆ ಅಂಕಿ ಇಳಿದರೂ ಗಾಳಿಯಲ್ಲಿರುವ ನೀರು ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ನಿಜವಾದ ವ್ಯತ್ಯಾಸ ಸಿಗುವುದು ಎಸಿ ಕೋಣೆಯಲ್ಲಿ. 24 ಡಿಗ್ರಿ, ಶೇ 50 ಆರ್ದ್ರತೆಯ ಕೋಣೆಯಲ್ಲಿ ಒಂದು ಘನ ಮೀಟರ್ ಗಾಳಿಗೆ ಸುಮಾರು 11 ಗ್ರಾಂ ನೀರು. ಮೇಲೆ ಹೇಳಿದ ಮಳೆಗಾಲದ ಹೊರಗಾಳಿಯಲ್ಲಿ 24 ಗ್ರಾಂ ದಾಟುತ್ತದೆ. ಬಾಗಿಲು ಹಾಕಿ, ಒಂದು ಗಂಟೆ ಎಸಿ ಓಡಿಸಿ, ಆಮೇಲೆ ಪಂಪ್ ಹಿಡಿಯಿರಿ.

5. ಸಿಲಿಕಾ ಜೆಲ್‌ಗೂ ಹೊಟ್ಟೆ ತುಂಬುತ್ತದೆ.
ಪಂಪ್ ಗಾಳಿ ಎಳೆದುಕೊಳ್ಳುವ ಕಡೆ ಸಿಲಿಕಾ ಜೆಲ್ ಡಬ್ಬಿ ಜೋಡಿಸಿದರೆ ಒಳಬರುವ ನೀರು ಕಡಿಮೆಯಾಗುತ್ತದೆ. ಬಣ್ಣ ಬದಲಿಸುವ ಜೆಲ್ ಕೊಳ್ಳಿರಿ. ಕಿತ್ತಳೆ ಕಾಳುಗಳು ಹಸಿರಾದರೆ ಅವುಗಳ ಕೆಲಸ ಮುಗಿಯಿತು. ಓವನ್‌ನಲ್ಲಿ ಸುಮಾರು 120 ಡಿಗ್ರಿಯಲ್ಲಿ ಮತ್ತೆ ಕಿತ್ತಳೆಯಾಗುವವರೆಗೆ ಒಣಗಿಸಿ, ಗಾಳಿಯಾಡದ ಡಬ್ಬಿಗೆ ಹಾಕಿ. ಕಾಳಿನ ಪುಡಿ ಪಂಪಿಗೆ ಹೋದರೆ ಸೀಲ್ ಸವೆಯುತ್ತದೆ, ಹಾಗಾಗಿ ನಡುವೆ ಫೆಲ್ಟ್ ತುಂಡು ಇರಲೇಬೇಕು. ಜೆಲ್ ಇದೆಯೆಂದು ಬ್ಲೀಡ್ ಮಾಡುವುದನ್ನು ಬಿಡಬೇಡಿ.

6. ತುಕ್ಕಿನ ಭಯಕ್ಕೆ ಎಣ್ಣೆ ಬಿಡಬೇಡಿ.
ಒತ್ತಿದ ಬಿಸಿ ಗಾಳಿಗೆ ಪೆಟ್ರೋಲಿಯಂ ಎಣ್ಣೆ ಸಿಕ್ಕರೆ ಡೀಸೆಲ್ ಎಂಜಿನ್ನಿನೊಳಗೆ ಆಗುವಂತೆ ಹೊತ್ತಿಕೊಂಡು ಸಿಡಿಯಬಹುದು. ಓ-ರಿಂಗ್‌ಗೆ ತಯಾರಕರು ಹೇಳಿದ ಸಿಲಿಕೋನ್ ಗ್ರೀಸ್ ಮಾತ್ರ, ಅದೂ ತೆಳ್ಳಗೆ. ಆಮ್ಲಜನಕದ ಸಿಲಿಂಡರಿನಿಂದ ರೈಫಲ್ ತುಂಬುವ ಯೋಚನೆಯನ್ನೂ ಮಾಡಬೇಡಿ.

7. ಒಳಗಿನ ನೀರು ಮೊದಲು ಗುರಿಹಲಗೆಯಲ್ಲಿ ಕಾಣಬಹುದು.
ರೈಫಲ್ ಗುರಿಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 0.5 ಮಿಲಿಮೀಟರ್ ಮಾತ್ರ. ಒತ್ತಡವನ್ನು ಒಂದೇ ಮಟ್ಟದಲ್ಲಿಡುವ ರೆಗ್ಯುಲೇಟರಿನ ವಾಲ್ವ್ ಸೀಟಿನಲ್ಲಿ ಒಂದು ಚೂರು ತುಕ್ಕು ಕೂತರೂ ವಾಲ್ವ್ ಸರಿಯಾಗಿ ಮುಚ್ಚುವುದಿಲ್ಲ, ಒತ್ತಡ ಮೆಲ್ಲಗೆ ಏರುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಹೊಡೆದ ಮೊದಲ ಪೆಲೆಟ್ಟಿನ ವೇಗ ಮಿಕ್ಕವುಗಳಿಗಿಂತ ಬೇರೆಯಾಗಿ ಹತ್ತು ತಪ್ಪಬಹುದು. ಮಗು ಟ್ರಿಗರ್ ಸರಿಯಾಗಿ ಎಳೆಯುತ್ತಿಲ್ಲವೆಂದು ಗದರುವ ಮೊದಲು ಕ್ರೊನೊಗ್ರಾಫ್ ಇಟ್ಟು ವೇಗ ಅಳೆಯಿರಿ. ಸಿಲಿಂಡರಿನ ತಿರುಪಿನ ಮರೆಯಲ್ಲಿ ಬಿಳಿ ಪುಡಿ ಕಂಡರೆ ಅಲ್ಯೂಮಿನಿಯಂ ತುಕ್ಕು ಹಿಡಿಯುತ್ತಿದೆ ಎಂದರ್ಥ. ಅದನ್ನು ನೀವು ಬಿಚ್ಚಬೇಡಿ. ಗಾಳಿ ಖಾಲಿ ಮಾಡಿಸಿ, ಬಲ್ಲವರಿಗೆ ಕೊಡಿ.

8. ಅವಕಾಶ ಸಿಕ್ಕಾಗ ಒಣ ಗಾಳಿ ತುಂಬಿ, ಸಿಲಿಂಡರಿನ ಮೇಲಿನ ದಿನಾಂಕ ಓದಿ.
ಉಸಿರಾಟದ ಗಾಳಿಗಿರುವ ಯುರೋಪಿನ ಇಎನ್ 12021 ಮಾನದಂಡದ ಪ್ರಕಾರ, 200 ಬಾರ್ ಸಿಲಿಂಡರಿನ ಗಾಳಿಯಲ್ಲಿ ಘನ ಮೀಟರಿಗೆ 50 ಮಿಲಿಗ್ರಾಂಗಿಂತ ಹೆಚ್ಚು ನೀರಿರಬಾರದು. ಕೈಪಂಪಿಗೆ ಆ ಮಟ್ಟ ಎಟುಕದು. ಆದ್ದರಿಂದ ದೊಡ್ಡ ರೇಂಜಿಗೆ ಹೋದಾಗಲೆಲ್ಲ ಅಲ್ಲಿಯ ಒಣ ಗಾಳಿ ತುಂಬಿಸಿಕೊಳ್ಳಿ. ಮ್ಯಾಚ್ ರೈಫಲ್ ಸಿಲಿಂಡರಿನ ಬಾಳಿಕೆ ಗರಿಷ್ಠ ಹತ್ತು ವರ್ಷ; ಅಂತರರಾಷ್ಟ್ರೀಯ ನಿಯಮದಲ್ಲಿ ಅದರ ಹೊಣೆ ಶೂಟರದೇ. ಆ ಹತ್ತು ವರ್ಷದ ಲೆಕ್ಕ ಒಳಗೋಡೆ ಗಟ್ಟಿಯಾಗಿ ಉಳಿದಿದ್ದರೆ ಮಾತ್ರ. ಒಳಗೆ ತುಕ್ಕು ತಿಂದ ಸಿಲಿಂಡರಿಗೆ ದಿನಾಂಕ ಬಾಕಿ ಇದ್ದರೂ ಗಾಳಿ ತುಂಬಬೇಡಿ, ಇನ್ನೊಬ್ಬರಿಗೆ ಮಾರಲೂ ಬೇಡಿ. ಅದನ್ನು ಹಿಡಿದು ನಿಲ್ಲುವುದು ಯಾರದೋ ಮನೆಯ ಮಗು.