ಬಂಧನ, ವಾರಂಟ್: ಹೈದರಾಬಾದಿನಲ್ಲಿ ದಾಖಲೆ ಹುಡುಕುವುದು ಹೇಗೆ?

ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು ಕಡೆಯ ಎಷ್ಟೋ ಮನೆಗಳಿಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ಕಟ್ಟಡ ಕೆಲಸ, ಓದು, ಆಸ್ಪತ್ರೆ, ಗಚ್ಚಿಬೌಲಿಯ ಸಾಫ್ಟ್‌ವೇರ್ ನೌಕರಿ ಎಂದು ಮನೆಯ ಒಬ್ಬರಾದರೂ ಅಲ್ಲಿರುತ್ತಾರೆ. ಅಲ್ಲಿಂದ ಒಂದು ರಾತ್ರಿ ‘ನಿಮ್ಮ ತಮ್ಮನನ್ನು ಪೊಲೀಸರು ಕರೆದುಕೊಂಡು ಹೋದರು’ ಎಂದು ಫೋನ್ ಬಂದರೆ, ಅಥವಾ ‘ನಿಮ್ಮ ಹೆಸರಲ್ಲಿ ವಾರಂಟ್ ಇದೆ’ ಎಂದು ಯಾರೋ ಹೇಳಿದರೆ, ಮನೆಯವರಿಗೆ ಕೈಕಾಲೇ ಆಡುವುದಿಲ್ಲ. ಯಾವ ಠಾಣೆ, ಯಾವ ಕೋರ್ಟು, ಯಾರನ್ನು ಕೇಳಬೇಕು ಎಂಬುದು ತಿಳಿಯದು. ದಲ್ಲಾಳಿಗಳು ದುಡ್ಡು ಕೀಳುವುದೂ ಇದೇ ಹೊತ್ತಿನಲ್ಲಿ. ಆದರೆ ಆಗ ಬೇಕಾಗುವ ಮಾಹಿತಿಯಲ್ಲಿ ಬಹುಪಾಲನ್ನು ಪುಕ್ಕಟೆಯಾಗಿ ಕೇಳಿ ಪಡೆಯುವ ಹಕ್ಕನ್ನು ಕಾನೂನೇ ಕೊಟ್ಟಿದೆ.

ಹುಡುಕಲು ಹೊರಡುವ ಮುನ್ನ ಒಂದು ವಿಷಯ ಸ್ಪಷ್ಟವಾಗಿರಲಿ. ಯಾರ ಯಾರ ಮೇಲೆ ವಾರಂಟ್ ಇದೆ ಎಂದು ತೋರಿಸುವ ಒಂದೇ ಬಹಿರಂಗ ಪಟ್ಟಿ ನಮ್ಮಲ್ಲಿಲ್ಲ. ಅಮೆರಿಕದ ಹಲವು ಕೌಂಟಿಗಳಲ್ಲಿ ಹೆಸರು ಹಾಕಿದರೆ ವಾರಂಟ್ ಕಾಣುವ ವ್ಯವಸ್ಥೆ ಇದೆ. ಇಲ್ಲಿ ಅದಿಲ್ಲ, ಹಾಗಾಗಿ ‘ಎಲ್ಲ ಕ್ರಿಮಿನಲ್ ದಾಖಲೆ ಕೊಡುತ್ತೇವೆ’ ಎಂದು ದುಡ್ಡು ಕೇಳುವ ಖಾಸಗಿ ತಾಣಗಳನ್ನು ನಂಬಬೇಡಿ. ನಮ್ಮಲ್ಲಿ ದಾಖಲೆ ಇರುವುದು ಮೂರು ಕಡೆ: ಬಂಧನದ ವಿವರ ಠಾಣೆಯಲ್ಲಿ, ವಾರಂಟಿನ ಆದೇಶ ಕೋರ್ಟಿನಲ್ಲಿ, ನ್ಯಾಯಾಂಗ ಬಂಧನದ ವಿವರ ಜೈಲಿನಲ್ಲಿ. ಈ ಮೂರನ್ನೂ ಜೋಡಿಸುವುದು ನಂಬರು. ಬರೀ ಹೆಸರಿನ ಬೆನ್ನು ಹತ್ತಿದರೆ ದಾರಿ ತಪ್ಪಬಹುದು. ಎಫ್‌ಐಆರ್ ನಂಬರ್ ಅಥವಾ ಕೋರ್ಟಿನಲ್ಲಿ ಪ್ರತಿ ಕೇಸಿಗೆ ಕೊಡುವ ಸಿಎನ್‌ಆರ್ ನಂಬರ್ ಕೈಗೆ ಸಿಕ್ಕರೆ ಉಳಿದದ್ದೆಲ್ಲ ಹಿಂದೆಯೇ ಬರುತ್ತದೆ.

ಹೆಜ್ಜೆ 1: ಯಾವ ವ್ಯಾಪ್ತಿ ಎಂದು ಗುರುತಿಸಿ

ಜನ ‘ಹೈದರಾಬಾದ್’ ಎನ್ನುವ ಊರು ಆಡಳಿತದ ಲೆಕ್ಕದಲ್ಲಿ ಒಂದೇ ಅಲ್ಲ. ಗಚ್ಚಿಬೌಲಿ ರಂಗಾರೆಡ್ಡಿ ಜಿಲ್ಲೆಗೆ ಸೇರಿದೆ, ಕೂಕಟ್‌ಪಲ್ಲಿ ಮೇಡ್ಚಲ್–ಮಲ್ಕಾಜ್‌ಗಿರಿಗೆ, ಪಟಾನ್‌ಚೆರು ಸಂಗಾರೆಡ್ಡಿಗೆ. ಪೊಲೀಸ್ ಕಮಿಷನರೇಟುಗಳೂ ಒಂದಕ್ಕಿಂತ ಹೆಚ್ಚು. ನಗರದ ಒಳಭಾಗದ ಬಹಳಷ್ಟು ಕ್ರಿಮಿನಲ್ ಪ್ರಕರಣಗಳು ನಾಂಪಲ್ಲಿಯ ಕೋರ್ಟುಗಳಿಗೆ ಹೋಗುತ್ತವೆ. ರಂಗಾರೆಡ್ಡಿ ಜಿಲ್ಲಾ ನ್ಯಾಯಾಲಯ ಎಲ್.ಬಿ. ನಗರದಲ್ಲಿದೆ, ಕೂಕಟ್‌ಪಲ್ಲಿ, ಮಲ್ಕಾಜ್‌ಗಿರಿಗಳಲ್ಲೂ ಕೋರ್ಟುಗಳಿವೆ. ಆದ್ದರಿಂದ ಘಟನೆ ನಡೆದ ಜಾಗ ಯಾವ ಠಾಣೆಗೆ ಸೇರುತ್ತದೆ ಎಂಬುದನ್ನು ಮೊದಲು ಕೇಳಿ ಬರೆದಿಟ್ಟುಕೊಳ್ಳಿ. ಠಾಣೆ ಗೊತ್ತಾದರೆ ಕೋರ್ಟು ಗೊತ್ತಾದಂತೆ.

ಹೆಜ್ಜೆ 2: ಬಂಧನವಾಗಿದ್ದರೆ ಮೊದಲ 24 ಗಂಟೆ

2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಬದಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ (ಬಿಎನ್‌ಎಸ್‌ಎಸ್) ಜಾರಿಯಲ್ಲಿದೆ. ಅದರ ಕಲಂ 37ರ ಪ್ರಕಾರ ಪ್ರತಿ ಜಿಲ್ಲೆಯಲ್ಲಿ, ಪ್ರತಿ ಠಾಣೆಯಲ್ಲಿ ಎಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಒಬ್ಬ ನಿಯೋಜಿತ ಅಧಿಕಾರಿ ಇರಬೇಕು. ಬಂಧಿತರ ಹೆಸರು, ವಿಳಾಸ, ಅಪರಾಧದ ಸ್ವರೂಪ ಇವುಗಳ ಮಾಹಿತಿ ಅವರ ಬಳಿ ಇರಬೇಕು. ಅದನ್ನು ಠಾಣೆಯಲ್ಲೂ ಜಿಲ್ಲಾ ಕೇಂದ್ರದಲ್ಲೂ ಎದ್ದು ಕಾಣುವಂತೆ ಪ್ರಕಟಿಸಬೇಕು. ಠಾಣೆಗೆ ಹೋದವರು ‘ನಮ್ಮ ಹುಡುಗ ಇಲ್ಲಿದ್ದಾನಾ?’ ಎಂದಷ್ಟೇ ಕೇಳದೆ, ಈ ಅಧಿಕಾರಿ ಯಾರು ಎಂದು ಕೇಳಿ.

ಅವರಿಂದ ತಿಳಿಯಬೇಕಾದವು ಇಷ್ಟು: ಬಂಧನದ ದಿನಾಂಕ ಮತ್ತು ಸಮಯ, ಕ್ರೈಂ ನಂಬರ್ (ಎಫ್‌ಐಆರ್ ನಂಬರ್), ಯಾವ ಕಲಂಗಳು, ತನಿಖಾಧಿಕಾರಿ ಯಾರು, ಯಾವ ಮ್ಯಾಜಿಸ್ಟ್ರೇಟರ ಮುಂದೆ ಯಾವಾಗ ಹಾಜರುಪಡಿಸುತ್ತಾರೆ. ಬಂಧನದ ಸ್ಥಳದಿಂದ ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಎಂಬುದು ಸಂವಿಧಾನದ 22ನೇ ವಿಧಿಯ ಮಾತು. ಹಾಗಾಗಿ ಬಂಧನದ ಸಮಯ ಬಹಳ ಮುಖ್ಯ. ಅದು ಬಂಧನ ಮೆಮೊದಲ್ಲಿ ಇರುತ್ತದೆ. ಮೆಮೊಗೆ ಕುಟುಂಬದವರು ಅಥವಾ ಸ್ಥಳೀಯ ಗೌರವಾನ್ವಿತರೊಬ್ಬರ ಸಾಕ್ಷಿ ಸಹಿ ಬೇಕು, ಬಂಧಿತನ ಸಹಿಯೂ ಬೇಕು. ಬಂಧಿತ ಹೇಳಿದ ಬಂಧುವಿಗೋ ಗೆಳೆಯನಿಗೋ ಸುದ್ದಿ ಮುಟ್ಟಿಸುವುದು ಪೊಲೀಸರ ಕರ್ತವ್ಯ.

ನಮ್ಮ ಕಡೆಯವರಿಗೆ ಹೆಚ್ಚು ಉಪಯೋಗವಾಗುವ ಇನ್ನೊಂದು ಹಕ್ಕಿದೆ. ಬಂಧನದ ಕಾರಣಗಳನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದು ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2025ರ ನವೆಂಬರ್ 6ರಂದು ಮಿಹಿರ್ ರಾಜೇಶ್ ಶಾ ಪ್ರಕರಣದಲ್ಲಿ ಹೇಳಿದೆ. ಸ್ಥಳದಲ್ಲೇ ಬರೆದು ಕೊಡಲಾಗದಿದ್ದರೆ ಬಾಯಿಮಾತಲ್ಲಿ ತಿಳಿಸಿ, ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವ ಕನಿಷ್ಠ ಎರಡು ಗಂಟೆ ಮೊದಲಾದರೂ ಬರಹದಲ್ಲಿ ಕೊಡಬೇಕು. ತೆಲುಗು, ಇಂಗ್ಲಿಷ್ ಬಾರದವರು ‘ನನಗೆ ಕನ್ನಡ ಮಾತ್ರ ಬರುತ್ತದೆ’ ಎಂದು ಹೇಳಲು ಹಿಂಜರಿಯಬಾರದು. ಅರ್ಥವಾಗದ ಕಾಗದಕ್ಕೆ ಸಹಿ ಹಾಕುವ ಮುನ್ನ ವಕೀಲರನ್ನು ಕೇಳಿ.

ಹೆಜ್ಜೆ 3: ಎಫ್‌ಐಆರ್ ಪ್ರತಿ ಪಡೆಯಿರಿ

2016ರ ಸೆಪ್ಟೆಂಬರ್ 7ರಂದು ಯೂತ್ ಬಾರ್ ಅಸೋಸಿಯೇಷನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಪೊಲೀಸ್ ಜಾಲತಾಣಕ್ಕೆ ಏರಿಸಬೇಕು ಎಂದಿತು. ಇಂಟರ್ನೆಟ್ ತೊಡಕಿದ್ದಲ್ಲಿ ಗರಿಷ್ಠ 72 ಗಂಟೆಯವರೆಗೆ ಅವಕಾಶವಿದೆ. ತೆಲಂಗಾಣ ಪೊಲೀಸ್ ಇಲಾಖೆಯ ಜಾಲತಾಣದಲ್ಲಿ ಎಫ್‌ಐಆರ್ ಇಳಿಸಿಕೊಳ್ಳುವ ವಿಭಾಗವಿದೆ. ಜಿಲ್ಲೆ ಅಥವಾ ಕಮಿಷನರೇಟ್, ಠಾಣೆ, ವರ್ಷ ಆರಿಸಿ ಹುಡುಕಿ. ಲೈಂಗಿಕ ಅಪರಾಧ, ಪೋಕ್ಸೊ, ಭಯೋತ್ಪಾದನೆಯಂಥ ಸೂಕ್ಷ್ಮ ಪ್ರಕರಣಗಳು ಅಲ್ಲಿರುವುದಿಲ್ಲ. ಅಂಥವುಗಳ ಪ್ರತಿಯನ್ನು ಆರೋಪಿಯ ಪರವಾಗಿ ಅರ್ಜಿ ಕೊಟ್ಟು ಪಡೆಯಬೇಕು. ದೂರು ಕೊಟ್ಟವರಿಗಂತೂ ಎಫ್‌ಐಆರ್ ಪ್ರತಿ ಠಾಣೆಯಲ್ಲೇ ಉಚಿತ.

ಹೆಜ್ಜೆ 4: ಇ-ಕೋರ್ಟ್ಸ್‌ನಲ್ಲಿ ಕೇಸು ಹುಡುಕಿ

ಜಿಲ್ಲಾ ಮತ್ತು ತಾಲ್ಲೂಕು ಮಟ್ಟದ ಕೋರ್ಟುಗಳ ವಿವರ ‘ಇ-ಕೋರ್ಟ್ಸ್ ಸರ್ವಿಸಸ್’ ತಾಣದಲ್ಲೂ ಅದೇ ಹೆಸರಿನ ಮೊಬೈಲ್ ಆ್ಯಪ್‌ನಲ್ಲೂ ಉಚಿತವಾಗಿ ಸಿಗುತ್ತದೆ. 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರ್ ಇದ್ದರೆ ನೇರವಾಗಿ ಅದನ್ನೇ ಹಾಕಿ. ಇಲ್ಲದಿದ್ದರೆ ‘ಕೇಸ್ ಸ್ಟೇಟಸ್’ಗೆ ಹೋಗಿ ತೆಲಂಗಾಣ, ಜಿಲ್ಲೆ, ಕೋರ್ಟ್ ಸಂಕೀರ್ಣ ಆರಿಸಿ, ಎಫ್‌ಐಆರ್ ನಂಬರ್, ಪಕ್ಷಗಾರರ ಹೆಸರು ಅಥವಾ ವಕೀಲರ ಹೆಸರಿನಿಂದ ಹುಡುಕಿ.

ಇಲ್ಲಿ ಎರಡು ಕಡೆ ಎಡವುವವರು ಹೆಚ್ಚು. ಮೊದಲನೆಯದು ಚೆಕ್ ಬೌನ್ಸ್. ಅದು ಕೋರ್ಟಿಗೆ ನೇರವಾಗಿ ಕೊಡುವ ಖಾಸಗಿ ದೂರು, ಎಫ್‌ಐಆರ್ ಇರುವುದಿಲ್ಲ. ಠಾಣೆಯಲ್ಲಿ ‘ನಿಮ್ಮ ಮೇಲೆ ಯಾವ ಕೇಸೂ ಇಲ್ಲ’ ಎಂದರೂ ಕೋರ್ಟಿನಲ್ಲಿ ವಾರಂಟ್ ಹೊರಟಿರಬಹುದು. ಮನೆ ಬದಲಿಸಿದ ಮೇಲೆ ಸಮನ್ಸ್ ಹಳೆಯ ವಿಳಾಸಕ್ಕೇ ಹೋಗಿ, ವಾರಂಟ್ ಬಂದಾಗಲೇ ವಿಷಯ ತಿಳಿಯುವುದು ಇಂಥ ಪ್ರಕರಣಗಳಲ್ಲಿ. ಇವನ್ನು ಪಕ್ಷಗಾರರ ಹೆಸರಿನಿಂದಲೇ ಹುಡುಕಬೇಕು.

ಎರಡನೆಯದು ಹೆಸರಿನ ಕಾಗುಣಿತ. ನಮ್ಮ ಬಸವರಾಜ ಅಲ್ಲಿನ ಕಡತದಲ್ಲಿ ಬಸ್ವರಾಜ್ ಆಗಿರಬಹುದು, ಶರಣಪ್ಪ ಶರ್ಣಪ್ಪ ಆಗಿರಬಹುದು. ತೆಲುಗು ರೂಢಿಯಲ್ಲಿ ಮನೆಹೆಸರು ಮೊದಲು ಬರುತ್ತದೆ. ಆದ್ದರಿಂದ ಹೆಸರಿನ ಮೊದಲ ಕೆಲವು ಅಕ್ಷರಗಳನ್ನಷ್ಟೇ ಹಾಕಿ, ಎರಡು ಮೂರು ಬಗೆಯ ಕಾಗುಣಿತದಲ್ಲಿ, ಹಿಂದಿನ ಕೆಲವು ವರ್ಷಗಳಲ್ಲೂ ಹುಡುಕಿ ನೋಡಿ. ಬಾಕಿ ಇರುವ, ಮುಗಿದ ಎರಡೂ ಬಗೆಯ ಕೇಸುಗಳನ್ನು ಪರಿಶೀಲಿಸಿ. ಹೆಸರು ಹೊಂದಿದ ಮಾತ್ರಕ್ಕೆ ಅದೇ ವ್ಯಕ್ತಿ ಎಂದು ತೀರ್ಮಾನಿಸಬೇಡಿ; ತಂದೆಯ ಹೆಸರು, ವಿಳಾಸ, ಠಾಣೆ ತಾಳೆಯಾಗಲೇಬೇಕು.

ಹೆಜ್ಜೆ 5: ಪರದೆಯ ಮೇಲಿನದನ್ನು ಓದಿ

ತೆಲಂಗಾಣದಲ್ಲಿ ‘ಸಿಸಿ’ ಎಂದರೆ ಮ್ಯಾಜಿಸ್ಟ್ರೇಟ್ ಕೋರ್ಟಿನ ಕ್ಯಾಲೆಂಡರ್ ಕೇಸ್. ‘ಪಿಆರ್‌ಸಿ’ ಎಂದರೆ ಸೆಷನ್ಸ್ ಕೋರ್ಟಿಗೆ ಒಪ್ಪಿಸುವ ಮುಂಚಿನ ಹಂತದ ಗಂಭೀರ ಪ್ರಕರಣ. ಒಪ್ಪಿಸಿದ ಮೇಲೆ ಅದು ‘ಎಸ್‌ಸಿ’. ‘ಕ್ರೈಂ ನಂಬರ್’ ಎಂದರೆ ಎಫ್‌ಐಆರ್ ನಂಬರೇ. ಪುಟದಲ್ಲಿ ಮುಖ್ಯವಾಗಿ ನೋಡಬೇಕಾದವು ಮೂರು: ಮುಂದಿನ ದಿನಾಂಕ, ಕೇಸಿನ ಹಂತ, ಹಿಂದಿನ ದಿನಾಂಕಗಳ ಕಲಾಪ. ಹಂತದ ಜಾಗದಲ್ಲಿ ‘ಎನ್‌ಬಿಡಬ್ಲ್ಯೂ’ ಎಂದಿದ್ದರೆ ಜಾಮೀನುರಹಿತ ವಾರಂಟ್ ಹೊರಟಿದೆ ಎಂದರ್ಥ. ಆದರೆ ಹಲವು ಆರೋಪಿಗಳಿರುವ ಕೇಸಿನಲ್ಲಿ ಅದು ಯಾರ ಮೇಲೆ ಎಂಬುದನ್ನು ಆ ದಿನದ ಕಲಾಪ ತೆರೆದು ಓದಿಯೇ ತಿಳಿಯಬೇಕು.

ಪರದೆಯ ಮಾಹಿತಿ ಅಂತಿಮವಲ್ಲ. ಖಚಿತ ಉತ್ತರ ಇರುವುದು ಕೋರ್ಟಿನ ಮೂಲ ಕಡತದಲ್ಲಿ. ವಕೀಲರ ಮೂಲಕ ಕಡತ ನೋಡಿಸಿ, ಆದೇಶದ ದೃಢೀಕೃತ ನಕಲಿಗೆ ನಕಲು ವಿಭಾಗದಲ್ಲಿ ಅರ್ಜಿ ಹಾಕಿ.

ಹೆಜ್ಜೆ 6: ಯಾವ ವಾರಂಟ್ ಎಂದು ತಿಳಿಯಿರಿ

ಜಾಮೀನುಸಹಿತ ವಾರಂಟ್: ಎಷ್ಟು ಮೊತ್ತದ ಬಾಂಡ್, ಎಷ್ಟು ಜಾಮೀನುದಾರರು, ಯಾವ ದಿನ ಹಾಜರಾಗಬೇಕು ಎಂಬುದು ಅದರ ಮೇಲೆಯೇ ಬರೆದಿರುತ್ತದೆ. ಅಷ್ಟು ಕೊಟ್ಟರೆ ಪೊಲೀಸರೇ ಬಿಡಬೇಕು.

ಜಾಮೀನುರಹಿತ ವಾರಂಟ್: ಜಾಮೀನೇ ಸಿಗುವುದಿಲ್ಲ ಎಂದು ಜನ ಹೆದರುತ್ತಾರೆ, ಅದು ತಪ್ಪು. ಪೊಲೀಸರು ಬಿಡುವಂತಿಲ್ಲ, ಬಿಡಬೇಕೋ ಬೇಡವೋ ಎಂಬುದನ್ನು ಕೋರ್ಟೇ ತೀರ್ಮಾನಿಸುತ್ತದೆ ಎಂದಷ್ಟೇ ಅದರ ಅರ್ಥ. ಸಾಮಾನ್ಯವಾಗಿ ಮೊದಲು ಸಮನ್ಸ್, ನಂತರ ಜಾಮೀನುಸಹಿತ ವಾರಂಟ್, ಕೊನೆಗೆ ಜಾಮೀನುರಹಿತ ಎಂಬ ಕ್ರಮವನ್ನು 2007ರ ಇಂದರ್ ಮೋಹನ್ ಗೋಸ್ವಾಮಿ ತೀರ್ಪು ಹೇಳಿದೆ.

ಬಾಡಿ ವಾರಂಟ್: ಈಗಾಗಲೇ ಜೈಲಿನಲ್ಲಿರುವವರನ್ನು ಇನ್ನೊಂದು ಕೇಸಿಗಾಗಿ ಕೋರ್ಟಿಗೆ ಕರೆಸುವುದು.

ಘೋಷಣೆ: ವಾರಂಟಿಗೂ ಸಿಗದೆ ತಲೆಮರೆಸಿಕೊಂಡವರು ಹಾಜರಾಗಲು ಕನಿಷ್ಠ 30 ದಿನದ ಗಡುವು ಕೊಟ್ಟು ಹೊರಡಿಸುವುದು. ಇದರ ಮುಂದಿನ ಹಂತ ಆಸ್ತಿ ಜಪ್ತಿ.

ವಾರಂಟಿನ ವಾಯಿದೆ ತಾನಾಗಿ ಮುಗಿಯುವುದಿಲ್ಲ. ಬಿಎನ್‌ಎಸ್‌ಎಸ್‌ನ ಕಲಂ 72ರ ಪ್ರಕಾರ ಕೋರ್ಟ್ ರದ್ದು ಮಾಡುವವರೆಗೆ ಅಥವಾ ಜಾರಿಯಾಗುವವರೆಗೆ ಅದು ಜೀವಂತ. ಭಾರತದ ಯಾವ ಮೂಲೆಯಲ್ಲೂ ಅದನ್ನು ಜಾರಿ ಮಾಡಬಹುದು. ನಾಂಪಲ್ಲಿ ಕೋರ್ಟಿನ ವಾರಂಟಿನ ಮೇಲೆ ಕಲಬುರಗಿಯಲ್ಲಿ ಬಂಧಿಸಿದರೆ, ಆ ವಿಷಯವನ್ನು ಬಂಧನವಾದ ಜಿಲ್ಲೆಯ ನಿಯೋಜಿತ ಅಧಿಕಾರಿಗೂ, ಬಂಧಿತ ಬೇರೆ ಜಿಲ್ಲೆಯ ನಿವಾಸಿಯಾಗಿದ್ದರೆ ಅಲ್ಲಿನ ಅಧಿಕಾರಿಗೂ ತಕ್ಷಣ ತಿಳಿಸಬೇಕು ಎಂದು ಕಲಂ 82 ಹೇಳುತ್ತದೆ. ಹಾಗಾಗಿ ಮನೆಯವರು ತಮ್ಮ ಜಿಲ್ಲೆಯ ಎಸ್‌ಪಿ ಕಚೇರಿಯಲ್ಲೂ ವಿಚಾರಿಸಬಹುದು.

ಹೆಜ್ಜೆ 7: ಜೈಲಿಗೆ ಕಳಿಸಿದ್ದರೆ

ನಗರದ ಪ್ರಕರಣಗಳಲ್ಲಿ ನ್ಯಾಯಾಂಗ ಬಂಧನ ಎಂದರೆ ಹೆಚ್ಚಾಗಿ ಚಂಚಲಗೂಡ ಅಥವಾ ಚರ್ಲಪಲ್ಲಿಯ ಕೇಂದ್ರ ಕಾರಾಗೃಹ. ಮಹಿಳೆಯರಿಗೆ ಚಂಚಲಗೂಡದಲ್ಲೇ ಪ್ರತ್ಯೇಕ ಜೈಲಿದೆ. ಯಾವ ಜೈಲು ಎಂಬುದು ರಿಮಾಂಡ್ ಆದೇಶದಲ್ಲಿ ಇರುತ್ತದೆ. ಭೇಟಿಗೆ ಕೇಂದ್ರ ಸರ್ಕಾರದ ಇ-ಮುಲಾಕಾತ್ ವ್ಯವಸ್ಥೆಯಲ್ಲಿ ಹೆಸರು ನೋಂದಾಯಿಸಬಹುದು.

ವಕೀಲರಿಗೆ ದುಡ್ಡಿಲ್ಲವೆಂದು ಕೈಚೆಲ್ಲಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಬಂಧನದಲ್ಲಿರುವವರಿಗೆ, ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ಸಹಾಯವಾಣಿ 15100.

ನಕಲಿ ವಾರಂಟ್ ಪತ್ತೆ ಹೇಗೆ?

ವಿಡಿಯೊ ಕರೆಯಲ್ಲಿ ಸಮವಸ್ತ್ರ ತೋರಿಸಿ, ‘ನೀವು ಡಿಜಿಟಲ್ ಅರೆಸ್ಟ್ ಆಗಿದ್ದೀರಿ’ ಎಂದು ಹೆದರಿಸಿ ದುಡ್ಡು ಹಾಕಿಸಿಕೊಳ್ಳುವ ವಂಚನೆಗೆ ಓದಿದವರೂ ಬಲಿಯಾಗಿದ್ದಾರೆ. ಡಿಜಿಟಲ್ ಅರೆಸ್ಟ್ ಎಂಬುದು ಯಾವ ಕಾನೂನಿನಲ್ಲೂ ಇಲ್ಲ. ನಿಜವಾದ ಬಂಧನ ವಾರಂಟ್ ಬರಹದಲ್ಲಿರುತ್ತದೆ. ನ್ಯಾಯಾಧೀಶರ ಸಹಿ, ಕೋರ್ಟಿನ ಮುದ್ರೆ ಇರುತ್ತದೆ. ಜಾರಿ ಮಾಡುವ ಅಧಿಕಾರಿ ಅದರ ಸಾರ ಹೇಳಬೇಕು, ಕೇಳಿದರೆ ತೋರಿಸಬೇಕು. ವಿಚಾರಣೆಗೆ ಕರೆಯುವ ಬಿಎನ್‌ಎಸ್‌ಎಸ್ ಕಲಂ 35ರ ನೋಟಿಸನ್ನು ಪೊಲೀಸರು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಂತಿಲ್ಲ ಎಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೋರ್ಟಿನ ಸಮನ್ಸ್ ಮಾತ್ರ ಮುದ್ರೆಯ ಚಿತ್ರದೊಂದಿಗೆ ವಿದ್ಯುನ್ಮಾನ ರೂಪದಲ್ಲೂ ಬರಬಹುದು. ಅದರಲ್ಲಿರುವ ಕೇಸ್ ನಂಬರನ್ನು ಇ-ಕೋರ್ಟ್ಸ್‌ನಲ್ಲಿ ಹಾಕಿ ತಾಳೆ ನೋಡಿ. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಸಿಕ್ಕ ದಾಖಲೆಯನ್ನು ಹೇಗೆ ಬಳಸಬೇಕು?

ಎಫ್‌ಐಆರ್ ಒಂದು ಆರೋಪ, ಬಂಧನ ತನಿಖೆಯ ಒಂದು ಹಂತ, ವಾರಂಟ್ ಹಾಜರಾಗಿ ಎಂಬ ಆಜ್ಞೆ. ಈ ಮೂರರಲ್ಲಿ ಯಾವುದೂ ಅಪರಾಧಿ ಎಂಬ ತೀರ್ಪಲ್ಲ. ಬಾಡಿಗೆದಾರರ, ಕೆಲಸಗಾರರ, ಮದುವೆ ಸಂಬಂಧದವರ ಹೆಸರು ಹುಡುಕಿ, ಸಿಕ್ಕ ಪುಟವನ್ನು ಗುಂಪುಗಳಲ್ಲಿ ಹರಿಬಿಡುವುದು ಅನ್ಯಾಯ. ಅದು ಅದೇ ಹೆಸರಿನ ಬೇರೊಬ್ಬರದ್ದಾಗಿರಬಹುದು, ಖುಲಾಸೆಯಾದ ಕೇಸೂ ಆಗಿರಬಹುದು. ಅಪ್ರಾಪ್ತ ವಯಸ್ಕರ ಪ್ರಕರಣಗಳಲ್ಲಿ ಗುರುತು ಬಹಿರಂಗಪಡಿಸುವುದು ಶಿಕ್ಷಾರ್ಹವೂ ಹೌದು.

ನಿಮ್ಮ ಮೇಲೆಯೇ ವಾರಂಟ್ ಇರುವುದು ತಿಳಿದರೆ ಊರು ಬಿಡಬೇಡಿ. ವಕೀಲರೊಂದಿಗೆ ಅದೇ ಕೋರ್ಟಿಗೆ ನೀವಾಗಿಯೇ ಹಾಜರಾಗಿ ವಾರಂಟ್ ರೀಕಾಲ್ (ರದ್ದತಿ) ಅರ್ಜಿ ಹಾಕಿ. ಹಿಂದೆ ಹಾಜರಾಗದ್ದಕ್ಕೆ ಕಾರಣವನ್ನು ಆಸ್ಪತ್ರೆ ಚೀಟಿ, ಹಳೆಯ ವಿಳಾಸದ ಪುರಾವೆಗಳೊಂದಿಗೆ ತಿಳಿಸಿ. ರದ್ದಾದ ಮೇಲೂ ಒಂದು ಕೆಲಸ ಬಾಕಿ ಇರುತ್ತದೆ. ಆದೇಶ ಠಾಣೆಗೆ ಮುಟ್ಟದಿದ್ದರೆ ಹಳೆಯ ವಾರಂಟ್ ಹಿಡಿದು ಪೊಲೀಸರು ಮತ್ತೆ ಬಾಗಿಲಿಗೆ ಬರಬಹುದು. ದೃಢೀಕೃತ ನಕಲು ಪಡೆದು, ಒಂದು ಪ್ರತಿಯನ್ನು ಠಾಣೆಯಲ್ಲಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ, ಇನ್ನೊಂದನ್ನು ಮನೆಯಲ್ಲಿಡಿ, ಮೊಬೈಲಿನಲ್ಲೂ ಒಂದು ಫೋಟೊ ಇರಲಿ.